ವೈಜಿನಾಥನ ಹಣೆಯ ರಕ್ತನಾಳ

ಕೊಹೀರಿನ ವೈಜಿನಾಥ ಬೆಳಿಗ್ಗೆ ಕನ್ನಡಿ ಮುಂದೆ ಕೂತು, ಕೆಂಪು ಮಾರ್ಕರಿನಿಂದ ಹಣೆಯ ಮೇಲೆ ರಕ್ತನಾಳ ಬರೆದುಕೊಂಡ. ನರ್ಸಿಂಗ್ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ. ಇವತ್ತೂ ಫೇಲಾದರೆ ಮುಂದಿನ ವರ್ಷ ಸ್ವಂತ ತಂಗಿಯ ಪಕ್ಕದ ಬೆಂಚಿನಲ್ಲಿ ಕೂರಬೇಕು. ಜಹೀರಾಬಾದಿಗೆ ಬರುವ ಪರೀಕ್ಷಕರಿಗೆ ಕಣ್ಣುಗೂಡಿನ ರಕ್ತನಾಳವೆಂದರೆ ಪ್ರಾಣ, ಅದೊಂದನ್ನು ಹೇಳಿದರೆ ಪಾಸು ಎಂದು ಸೀನಿಯರುಗಳು ಹೇಳಿದ್ದರು. ಪುಸ್ತಕ ಮುಚ್ಚಿದೊಡನೆ ಮರೆತುಹೋಗುವ ಅದನ್ನು ಮೈಮೇಲೆಯೇ ಬರೆದು ಕಲಿಯುವುದೆಂದು ಹಟ ತೊಟ್ಟಿದ್ದ. ಆಮೇಲೆ ತೊಳೆದರೆ ಬಣ್ಣ ಹೋಗಲಿಲ್ಲ, ಮುಖವೆಲ್ಲ ಹರಡಿತು.

ಪಕ್ಕದ ಮನೆಯ ಭೂದೇವಿ ಕಾಕು ನೋಡಿದ್ದೇ ತಡ, ಒಂದು ಹಿಡಿ ಅರಿಶಿನ ತಂದು ಹಣೆಗೆ ಒತ್ತಿದಳು. ಇದು ನೆತ್ತರಲ್ಲ ಎಂದು ಅವನು ಬಾಯಿ ನೋಯುವಷ್ಟು ಹೇಳಿದ.

"ಕಾಕು, ಇದು ರಕ್ತನಾಳ. ಕುತ್ತಿಗಿಯಿಂದ ಬುರುಡಿ ಒಳಗ ಹೋಗೋ ದೊಡ್ಡ ನಾಳದಿಂದ ಒಡದು, ಕಣ್ಣಿನ ನರದ ಜೋಡಿ ಕಣ್ಣುಗೂಡಿಗಿ ಬರ್ತದ. ನರ ದಾಟಿ ಮೂಗಿನ ಕಡಿ ಸರೀತದ. ಅದರ ಕವಲು ಹಣಿಗಿ ಏರ್ತಾವ."

ಕಾಕುವಿನ ಮುಖ ಬಿಳುಚಿತು. "ಯಂಕಪ್ಪಾ, ಜಲ್ದಿ ಬಾ. ತಲಿಗಿ ಪೆಟ್ಟು ಬಿದ್ದು ಹುಡುಗ ಏನೇನೋ ಬಡಬಡಸಾಕತ್ಯಾನ."

ಆಟೊ ಓಡಿಸುವ ಯಂಕಪ್ಪ ಬಂದವನೇ ತನ್ನ ರುಮಾಲು ಬಿಚ್ಚಿ ಅವನ ತಲೆಗೆ ಬಿಗಿದ. ವೈಜಿನಾಥ ಅವನಿಗೂ ನಾಳದ ದಾರಿಯನ್ನು ಮೊದಲಿನಿಂದ ವಿವರಿಸಿದ. ಯಂಕಪ್ಪ ಇನ್ನೊಂದು ಗಂಟು ಹಾಕಿ, ದವಾಖಾನೆಗೆಂದು ಆಟೊದಲ್ಲಿ ಕೂರಿಸಿಕೊಂಡ. ಬಸ್ ಸ್ಟ್ಯಾಂಡ್ ಹತ್ತಿರ ಆಟೊ ನಿಧಾನವಾದಾಗ ವೈಜಿನಾಥ ಹಾರಿ ಇಳಿದು ಜಹೀರಾಬಾದ್ ಬಸ್ಸು ಹತ್ತಿದ.

ಬಸ್ಸಿನಲ್ಲಿ ಹೆಂಗಸರು ಎದ್ದು ಸೀಟು ಬಿಟ್ಟು ಅವನನ್ನು ಮಲಗಿಸಿದರು. ಏನಾಯಿತೆಂದು ಕೇಳಿದವರಿಗೆಲ್ಲ ಅವನು ನಾಳದ ಕತೆ ಹೇಳಿದ. ಹೇಳಿದಾಗಲೆಲ್ಲ ತಲೆಗೆ ಒಂದು ಟವೆಲ್ಲೋ ಹಳೆಯ ಸೀರೆಯ ತುಂಡೋ ಸುತ್ತಿಕೊಂಡಿತು. ಜಹೀರಾಬಾದ್ ಮುಟ್ಟುವಾಗ ಒಂದೇ ಕಣ್ಣು ಹೊರಗಿತ್ತು. ಆದರೂ ವೈಜಿನಾಥನಿಗೆ ಒಳಗೊಳಗೇ ಖುಷಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈಗ ಅವನು ಆ ನಾಳವನ್ನು ತಪ್ಪಿಲ್ಲದೆ ಹೇಳುತ್ತಿದ್ದ. ಬಟ್ಟೆ ಬಿಚ್ಚಿದರೆ ಹಣೆಯ ಚಿತ್ರ ನೋಡಿ ಕಾಪಿ ಎನ್ನುತ್ತಾರೆಂದು ಹಾಗೆಯೇ ಪರೀಕ್ಷೆಯ ಕೋಣೆಯೊಳಗೆ ನಡೆದ.

ಪರೀಕ್ಷಕರ ಕರುಳು ಚುರುಕ್ಕೆಂದಿತು. "ಇಷ್ಟು ಪೆಟ್ಟು ಬಿದ್ರೂ ಬಂದೀಯಲ್ಲ, ಶಾಬಾಸ್. ನಿನಗ ತಲಿ ಸುದ್ದಿ ಕೇಳಂಗಿಲ್ಲ. ಪಾದದಾಗಿನ ಎಲುಬಿನ ಹೆಸರು ಹೇಳು, ಸಾಕು."

ಪಾದದ ಅಧ್ಯಾಯವನ್ನು ಅವನು ತೆರೆದೇ ಇರಲಿಲ್ಲ. ಕಣ್ಣಿನ ನಾಳವನ್ನೇ ಕೇಳಿರೆಂದು ಕೈಮುಗಿದ. ಅವರು ಬೇಡವೆಂದು ತಲೆಯಾಡಿಸಿದಾಗ ತಾನಾಗಿಯೇ ಕುತ್ತಿಗೆಯಿಂದ ಶುರುಮಾಡಿ, ಬುರುಡೆ ಹೊಕ್ಕು, ಕಣ್ಣುಗೂಡಿನವರೆಗೂ ಬಂದ.

ಪರೀಕ್ಷಕರು ಮರುಕದಿಂದ ಅವನ ಬೆನ್ನು ಸವರಿ ಜವಾನನ ಕಡೆ ತಿರುಗಿದರು. "ಪಾದ ಕೇಳಿದ್ರ ತಲಿ ಹೇಳಾಕತ್ಯಾನ. ಪೆಟ್ಟು ಭಾಳ ಒಳಗ ಹೋಗ್ಯದ. ದವಾಖಾನಿಗಿ ಒಯ್ರಿ," ಎಂದು ಅವನ ಹೆಸರಿನ ಮುಂದೆ ಫೇಲ್ ಎಂದು ಬರೆದರು.