ಟಪಾಲು ಗುಮಾಸ್ತರ ಐದು ಜಾಝ್ ರೆಕಾರ್ಡುಗಳಿಗೆ ಮೊಹರು ಬಿದ್ದ ಬಗ್ಗೆ

ಸಂಖ್ಯೆ: ಆಡಳಿತ/ಇತರೆ/ಜಾಝ್/೫

ವಿಷಯ: ಹೊಸ ಕೇಳುಗರು ಪ್ರಾಥಮಿಕ ಜಾಝ್ ಸಂಗ್ರಹ ಕಟ್ಟಿಕೊಳ್ಳುವ ಕ್ರಮ ಹಾಗೂ ಶನಿವಾರದ ಅರ್ಧ ದಿನದ ರಜೆ ಕುರಿತು.

ಉಲ್ಲೇಖ: (೧) ಟಪಾಲು ಗುಮಾಸ್ತರ ರಜೆ ಅರ್ಜಿ. (೨) ಅವರ ಮಗಳ ಖಾಸಗಿ ಪತ್ರ (ಕಚೇರಿ ವಿಳಾಸಕ್ಕೆ ಬಂದಿದ್ದರಿಂದ ವಾಡಿಕೆಯಂತೆ ಒಡೆದು, ಎಲ್ಲರೂ ಓದಿ, ದಾಖಲಿಸಿದ್ದು).

ಗುಮಾಸ್ತರ ಮಗಳು ಜಾಝ್ ತಂಡವೊಂದರಲ್ಲಿ ತನಗಿಂತ ಎತ್ತರದ, ತಗ್ಗು ದನಿಯ ಬಾಸ್ ಎಂಬ ತಂತಿವಾದ್ಯವನ್ನು ನುಡಿಸುತ್ತಿದ್ದು, ಎರಡು ವರ್ಷಗಳ ಹಿಂದಿನ ಕಾರ್ಯಕ್ರಮವೊಂದರಲ್ಲಿ ಸರಿಯಾಗಿ ಆಕೆ ಒಬ್ಬಳೇ ನುಡಿಸುವ ಸರದಿ ಬಂದಾಗಲೇ ಗುಮಾಸ್ತರು "ಇದೇನು ಸಂಗೀತಾನೋ, ಪಾತ್ರೆ ಬಿದ್ದ ಸದ್ದೋ" ಎಂದು ಎದ್ದು ಹೊರನಡೆದಿರುತ್ತಾರೆ. ಅಂದಿನಿಂದ ತಂದೆ ಮಗಳ ನಡುವೆ ಮಾತುಕತೆ ಸ್ಥಗಿತಗೊಂಡಿರುತ್ತದೆ. ಈಗ ಆಕೆ, "ಅಪ್ಪ, ಶನಿವಾರ ನಮ್ಮ ಪ್ರೋಗ್ರಾಂ ಇದೆ. ಅರ್ಥ ಆಗ್ದಿದ್ರೂ ಪರವಾಗಿಲ್ಲ, ಬನ್ನಿ. ಮಧ್ಯದಲ್ಲಿ ಎದ್ದು ಮಾತ್ರ ಹೋಗ್ಬೇಡಿ" ಎಂದು ಬರೆದಿರುವುದು ಸರಿಯಷ್ಟೆ.

ಅಷ್ಟರೊಳಗೆ ಕಿವಿ ಪಳಗಿಸಿಕೊಳ್ಳಲು ಗುಮಾಸ್ತರು ಐದು ರೆಕಾರ್ಡುಗಳನ್ನು ಟಪಾಲಿನಲ್ಲಿ ತರಿಸಿಕೊಂಡರು. ಮೂವತ್ತು ವರ್ಷಗಳ ಅಭ್ಯಾಸಬಲದಿಂದ ಅವರ ಕೈ ಪ್ರತಿಯೊಂದರ ಮೇಲೂ 'ಸ್ವೀಕರಿಸಲಾಗಿದೆ' ಎಂಬ ಹಿತ್ತಾಳೆ ಮೊಹರನ್ನು ಗುದ್ದಿಬಿಟ್ಟಿತು. ನಡುವೆ ತೂತು ಮೊದಲೇ ಇದ್ದುದರಿಂದ ದಾಖಲೆ ಕೊಠಡಿಯವರು ಐದನ್ನೂ ಟ್ಯಾಗಿಗೆ ಪೋಣಿಸಿ ಕಡತ ಮಾಡಿದರು. ಕಡತವಾದ ಮೇಲೆ ವಿಲೇವಾರಿ ಮಾಡಲೇಬೇಕಾದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಹೊಸ ಕೇಳುಗರ ಸಂಗ್ರಹ ಐದನ್ನು ಮೀರತಕ್ಕದ್ದಲ್ಲ: ದೊಡ್ಡ ತಂಡದ್ದೊಂದು, ಹಾಡುಗಾರ್ತಿಯದೊಂದು, ಪಿಯಾನೊದ್ದೊಂದು, ಸ್ಯಾಕ್ಸೋಫೋನಿನದೊಂದು, ತಲೆಬುಡ ತಿಳಿಯದ್ದೊಂದು. ಐದನೆಯದಕ್ಕೆ ಎಲ್ಲ ತಿಳಿದವರಂತೆ ತಲೆದೂಗುವುದನ್ನು ನಿಷೇಧಿಸಲಾಗಿದೆ.

೨. ಬೆರಳಚ್ಚುಗಾರ್ತಿಯವರು ಮನೆಯಿಂದ ತಂದ ಪ್ಲೇಯರಿನಲ್ಲಿ, ಊಟದ ವಿರಾಮದಲ್ಲಿ, ಕಡತದಿಂದ ತಾತ್ಕಾಲಿಕವಾಗಿ ಒಂದೊಂದನ್ನೇ ಕಳಚಿ, ಸೇವಾ ಹಿರಿತನದ ಪ್ರಕಾರ ಕೇಳತಕ್ಕದ್ದು. ಅದೇ ಕೋಣೆಯಲ್ಲಿರುವ ಕಿರಿಯರು ತಮ್ಮ ಸರದಿ ಬರುವವರೆಗೆ ಕೇಳಿಸಿದರೂ ಕೇಳಿಸದಂತಿರತಕ್ಕದ್ದು.

೩. ರೆಕಾರ್ಡುಗಳಲ್ಲಿನ ವಾದಕರು ಮೂಲ ಧಾಟಿಯನ್ನು ಬಿಟ್ಟು ಹೊರಹೋಗುವ ಮುನ್ನ ಅನುಮತಿ ಪಡೆದಿರುವುದು ಕಂಡುಬಂದಿಲ್ಲ. ಆದರೆ ಕೊನೆಗೆ ಎಲ್ಲರೂ ಹಿಂತಿರುಗಿ ಹಾಜರಾಗಿರುವುದರಿಂದ ಸದರಿ ಅವಧಿಯನ್ನು ಸಾಂದರ್ಭಿಕ ರಜೆಯೆಂದು ಪರಿಗಣಿಸಲಾಗಿದೆ.

೪. ಕಾಲಿನಲ್ಲಿ ತಾಳ ಹಾಕುವವರು ಒಂದು ಕಾಲನ್ನು ಮಾತ್ರ ಬಳಸತಕ್ಕದ್ದು. ಇನ್ನೊಂದು ಕಾಲು ಕರ್ತವ್ಯದ ಮೇಲಿರತಕ್ಕದ್ದು.

೫. ಮೊಹರು ಬಿದ್ದ ಜಾಗಕ್ಕೆ ಪ್ಲೇಯರಿನ ಮುಳ್ಳು ಬಂದಾಗಲೆಲ್ಲ ಕೇಳಿಸುವ 'ಟಕ್' ಸದ್ದನ್ನು ಅಳಿಸುವ ಪ್ರಸ್ತಾವವಿತ್ತು. "ಬೇಡ ಸಾರ್, ಅದೊಂದೇ ನಂಗೆ ಅರ್ಥ ಆಗೋದು" ಎಂಬ ಜವಾನರ ಹೇಳಿಕೆಯ ಮೇರೆಗೆ ಪ್ರಸ್ತಾವವನ್ನು ಕೈಬಿಡಲಾಗಿದೆ.

೬. ಗುಮಾಸ್ತರು ಬುಧವಾರದವರೆಗೂ "ಅವಳ ವಾದ್ಯ ಎಲ್ಲಿದೆ? ಕೇಳಿಸ್ತಾನೇ ಇಲ್ವಲ್ಲ" ಎಂದು ಪೇಚಾಡಿರುತ್ತಾರೆ. ಗುರುವಾರ ಪಿಯಾನೊ ರೆಕಾರ್ಡಿನ ನಡುವೆ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, "ಇದೇ ಕಣ್ರೀ! ಮೊದಲಿಂದಲೂ ಇತ್ತಲ್ಲ ಇದು, ಎಲ್ಲರನ್ನೂ ಹೊತ್ಕೊಂಡು ನಡೀತಾ ಇತ್ತಲ್ಲ!" ಎಂದಿರುತ್ತಾರೆ. ಅವರ ಕಣ್ಣಲ್ಲಿ ನೀರು ಬಂದಿದ್ದನ್ನು ಹಾಜರಿದ್ದ ಏಳೂ ಜನ ನೋಡಿಲ್ಲವೆಂದು ದಾಖಲಿಸಲಾಗಿದೆ. ಆ ದಿನ ವಿರಾಮವು ಹನ್ನೊಂದು ನಿಮಿಷ ಹೆಚ್ಚಾಗಿದ್ದು, ಅದಕ್ಕೆ ಗೋಡೆ ಗಡಿಯಾರವನ್ನು ಹೊಣೆ ಮಾಡಲಾಗಿದೆ.

೭. ಮೇಲ್ಕಂಡ ಕಾರಣಗಳಿಂದ ರಜೆ ಮಂಜೂರಾಗಿದೆ. ಮಗಳ ಸರದಿ ಮುಗಿಯುವವರೆಗೆ ಗುಮಾಸ್ತರು ಕುರ್ಚಿ ಬಿಡತಕ್ಕದ್ದಲ್ಲ. ಏಳುವ ಲಕ್ಷಣ ಕಂಡುಬಂದಲ್ಲಿ, ಪಕ್ಕದಲ್ಲಿ ಕೂರಲಿರುವ ಅಧೀಕ್ಷಕರು ತೋಳು ಹಿಡಿದು ಕೂರಿಸತಕ್ಕದ್ದು. ಅಧೀಕ್ಷಕರು ತಮ್ಮ ರಜೆಯನ್ನು ತಾವೇ ಮಂಜೂರು ಮಾಡಿಕೊಂಡಿರುತ್ತಾರೆ.

ಸಹಿ/-
ಕಚೇರಿ ಅಧೀಕ್ಷಕರು

ಪ್ರತಿಗಳು:

೧. ದಾಖಲೆ ಕೊಠಡಿಗೆ: ಟ್ಯಾಗ್ ಬಿಚ್ಚಿ ರೆಕಾರ್ಡುಗಳನ್ನು ಕಾಯಂ ಆಗಿ ಬಿಡುಗಡೆ ಮಾಡಲು.

೨. ಜವಾನರಿಗೆ: ಶನಿವಾರದ ವಾದನದಲ್ಲಿ 'ಟಕ್' ಇರುವುದಿಲ್ಲ, ಬೇಸರಪಟ್ಟುಕೊಳ್ಳಬಾರದು.

೩. ಗೋಡೆ ಗಡಿಯಾರದ ಕಡತಕ್ಕೆ.

೪. ಗುಮಾಸ್ತರ ಮಗಳಿಗೆ: ಎರಡು ವರ್ಷಗಳಿಂದ ಬಾಕಿ ಉಳಿದ ಉತ್ತರವಾದ್ದರಿಂದ ಇದನ್ನು ಟಪಾಲಿಗೆ ಹಾಕದೆ, ಗುಮಾಸ್ತರೇ ಆಕೆಯ ಮನೆ ಬಾಗಿಲಿಗೆ ಹೋಗಿ ಕೊಡತಕ್ಕದ್ದು. ಮೊಹರನ್ನು ಕಚೇರಿಯಲ್ಲೇ ಬಿಟ್ಟು ಹೋಗತಕ್ಕದ್ದು. ಸ್ವೀಕರಿಸಲಾಗಿದೆಯೇ ಇಲ್ಲವೇ ಎಂಬುದನ್ನು ಆಕೆಯ ಮುಖ ನೋಡಿ ತಿಳಿದುಕೊಳ್ಳತಕ್ಕದ್ದು.