ಎಡದವಡೆಯ ಕೆಳಗೆ ಉಳಿಯುವ ಗಡ್ಡದ ಬಗ್ಗೆ

ಸಂಖ್ಯೆ: ಸಿಬ್ಬಂದಿ/ಹಾಜರಾತಿ/ಗಡ್ಡ/60

ಸುತ್ತೋಲೆ

ವಿಷಯ: ಹಾಜರಾತಿ ಯಂತ್ರಕ್ಕೆ ನೌಕರರ ಗುರುತು ಹತ್ತುವ ಸಲುವಾಗಿ, ಮುಂಜಾನೆ ಗಡ್ಡ ಹೆರೆದುಕೊಳ್ಳಬೇಕಾದ ಕ್ರಮ, ಕಾಲ ಮತ್ತು ತಾಳ್ಮೆಯ ಬಗ್ಗೆ.

ಉಲ್ಲೇಖ:
(1) ದಾಖಲೆ ಕೊಠಡಿಯ ಗುಮಾಸ್ತರಿಗೆ ನೀಡಿದ ಗೈರುಹಾಜರಿ ನೋಟಿಸು. (ಅವರ ಮೇಜಿನ ಬಳಿಯೇ ಹೋಗಿ ಕೊಟ್ಟು, ಸಹಿ ಪಡೆಯಲಾಗಿದೆ.)
(2) ಸದರಿ ಗುಮಾಸ್ತರ ಲಿಖಿತ ಸಮಜಾಯಿಷಿ. (ಮೂರು ಪದ.)
(3) ಗಡ್ಡ ಪರಿಶೀಲನಾ ಸಮಿತಿಯ ವರದಿ. (ನಲವತ್ತೆರಡು ಪುಟ.)

ಪ್ರಸ್ತಾವನೆ:

ಕಚೇರಿಯ ಮುಂಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರವನ್ನು ಅಳವಡಿಸಿದ ದಿನವೇ ಮೇಲಧಿಕಾರಿಗಳ ಭೇಟಿಯೂ ಇದ್ದುದರಿಂದ, ಅಂದು ಪುರುಷ ನೌಕರರೆಲ್ಲರೂ ನುಣ್ಣಗೆ ಗಡ್ಡ ಹೆರೆದುಕೊಂಡಿರತಕ್ಕದ್ದೆಂದು ಆದೇಶಿಸಲಾಗಿತ್ತು. ಆದೇಶದ ಪಾಲನೆಗಾಗಿ ಎದುರು ರಸ್ತೆಯ ಕ್ಷೌರಿಕರನ್ನು ಕರೆಸಿ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಡಲಾಗಿತ್ತು. ಆ ಬೆಳಿಗ್ಗೆ ಕಂಡ ಮುಖಗಳೇ ನೌಕರರ ನಿಜವಾದ ಮುಖಗಳೆಂದು ಯಂತ್ರವು ನಂಬಿತು. ಆ ನಂಬಿಕೆಯಿಂದ ಅದು ಇಂದಿನವರೆಗೂ ಕದಲಿಲ್ಲ. ಒಂದು ದಿನದ ಗಡ್ಡವಿದ್ದರೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ. ಎರಡು ದಿನದ್ದಿದ್ದರೆ ಅಷ್ಟನ್ನೂ ಅನ್ನುವುದಿಲ್ಲ.

ಅಂದು ದಾಖಲೆ ಕೊಠಡಿಯ ಗುಮಾಸ್ತರೂ ಸರತಿಯಲ್ಲಿ ನಿಂತಿದ್ದರು. ಕ್ಷೌರಿಕರು ಅವರ ಗಲ್ಲದ ಮೇಲೆ ಹಿಂಗೈ ಆಡಿಸಿ, ‘ಇವರ ಹತ್ರ ನನಗೇನೂ ಕೆಲಸ ಇಲ್ಲ, ಮನೇಲಿ ಯಾರೋ ಸರಿಯಾಗಿ ನೋಡ್ಕೊಂಡಿದಾರೆ’ ಎಂದು ಹಿಂದಕ್ಕೆ ಕಳಿಸಿದರು. ಯಂತ್ರವು ಅವರ ಮುಖವನ್ನು ಎರಡೇ ಕ್ಷಣದಲ್ಲಿ ಒಪ್ಪಿತು. ಅದು ಇಲಾಖೆಯ ದಾಖಲೆಯಾಗಿದ್ದು, ಇನ್ನೂ ಯಾರೂ ಮುರಿದಿಲ್ಲ.

ಮುಂದಿನ ವರ್ಷ ಸದರಿ ಗುಮಾಸ್ತರ ಪತ್ನಿ ಜ್ವರ ಬಂದು ಮೂರು ದಿನದಲ್ಲಿ ತೀರಿಕೊಂಡರು. ಗುಮಾಸ್ತರು ನಿಯಮದಂತೆ ಸಿಗುವ ರಜೆಯನ್ನು ಪಡೆದು, ರಜೆ ಮುಗಿದ ದಿನ ಹೊತ್ತಿಗೆ ಸರಿಯಾಗಿ ಬಂದರು. ಯಂತ್ರವು ಅವರನ್ನು ಗುರುತಿಸಲಿಲ್ಲ. ಅಂದಿನಿಂದ ಅವರು ದಿನವೂ ಬಂದು, ಯಂತ್ರದ ಮುಂದೆ ನಿಂತು, ಇಲ್ಲವೆನಿಸಿಕೊಂಡು, ಒಳಗೆ ಹೋಗಿ ಸಂಜೆಯವರೆಗೆ ಕಡತ ಹುಡುಕಿ ಕೊಡುತ್ತಿದ್ದರು. ನೋಟಿಸು ಕೊಟ್ಟ ದಿನಕ್ಕೆ, ಯಂತ್ರದ ಪ್ರಕಾರ ಅವರು ಐವತ್ತಾರು ದಿನದಿಂದ ಕಚೇರಿಗೆ ಬಂದಿರಲಿಲ್ಲ. ಅವರು ಹುಡುಕಿದ ಕಡತಗಳು ಬಂದಿದ್ದವು.

ಅರವತ್ತು ದಿನ ಸತತ ಗೈರುಹಾಜರಾದ ನೌಕರನು ತಾನಾಗಿಯೇ ಕೆಲಸ ಬಿಟ್ಟನೆಂದು ತಿಳಿಯತಕ್ಕದ್ದೆಂದು ನಿಯಮವಿದೆ. ಅವರ ಮುಖವನ್ನು ಹೊಸದಾಗಿ ಯಂತ್ರಕ್ಕೆ ತೋರಿಸಿಬಿಡಬಾರದೇ ಎಂದು ಕೆಲವರು ಕೇಳಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ತೋರಿಸಬಹುದು. ಆದರೆ ಅದಕ್ಕೆ ಅರ್ಜಿ ಕೊಡುವ ದಿನ ಅರ್ಜಿದಾರರು ಕಚೇರಿಗೆ ಹಾಜರಿರತಕ್ಕದ್ದು, ಮತ್ತು ಹಾಜರಿದ್ದುದನ್ನು ಯಂತ್ರವು ದೃಢೀಕರಿಸತಕ್ಕದ್ದು. ಕ್ಷೌರಿಕರ ಅಂಗಡಿಗೆ ಹೋಗಬಾರದೇ ಎಂದೂ ಕೇಳಲಾಗಿದೆ. ಅಂಗಡಿ ತೆರೆಯುವುದು ಹತ್ತೂವರೆಗೆ, ಹಾಜರಿ ಮುಚ್ಚುವುದು ಹತ್ತಕ್ಕೆ.

ಈ ಹಿನ್ನೆಲೆಯಲ್ಲಿ ಮೂವರ ಸಮಿತಿಯನ್ನು ರಚಿಸಲಾಯಿತು. ಯಂತ್ರದ ಹಾಜರಿಯಿಂದ ವಿನಾಯಿತಿ ಇರುವ ಅಧೀಕ್ಷಕರಿಗೆ ಎದೆಯವರೆಗೆ ಗಡ್ಡವಿದ್ದು, ವಿಷಯದಲ್ಲಿ ಅವರಿಗೆ ಸ್ವಂತ ಆಸಕ್ತಿ ಏನೂ ಇಲ್ಲವಾದ್ದರಿಂದ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಅದೇ ಕಾರಣಕ್ಕೆ, ಇನ್ನೂ ಹೆಚ್ಚಿನ ಮಟ್ಟಿಗೆ, ಬೆರಳಚ್ಚುಗಾರ್ತಿಯವರು ಸದಸ್ಯರಾದರು. ಕ್ಷೌರಿಕರು ತಜ್ಞರು. ಸಮಿತಿಯ ವರದಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಸಮಸ್ತ ಪುರುಷ ನೌಕರರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಎದ್ದ ಕೂಡಲೇ ಗಡ್ಡಕ್ಕೆ ಕೈ ಹಾಕತಕ್ಕದ್ದಲ್ಲ. ನಿದ್ದೆಯಿಂದ ಮುಖ ಊದಿಕೊಂಡಿದ್ದು, ಕೂದಲು ಚರ್ಮದೊಳಗೆ ಅಡಗಿರುತ್ತದೆ. ಕನಿಷ್ಠ ಕಾಲು ಗಂಟೆ ಬಿಡತಕ್ಕದ್ದು. ಈ ಅವಧಿಯಲ್ಲಿ ಕಚೇರಿಯ ಬಗ್ಗೆ ಯೋಚಿಸುವುದನ್ನು ನಿಷೇಧಿಸಲಾಗಿದೆ. ಕಚೇರಿಯ ನೆನಪಾದೊಡನೆ ದವಡೆ ಬಿಗಿಯುವುದನ್ನು ಸಮಿತಿಯು ಏಳು ನೌಕರರಲ್ಲಿ ಕಣ್ಣಾರೆ ಕಂಡಿದೆ.

2. ಸ್ನಾನ ಮುಗಿದ ಮೇಲೆ ಹೆರೆಯುವುದು ಉತ್ತಮ. ಇಲ್ಲವಾದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂರು ನಿಮಿಷ ಮುಖದ ಮೇಲೆ ಇಟ್ಟುಕೊಳ್ಳತಕ್ಕದ್ದು. ಬಟ್ಟೆಯ ಅಡಿಯಲ್ಲಿ ನಿದ್ದೆ ಹೋದವರ ಆ ಸಮಯವನ್ನು ಅರ್ಧ ದಿನದ ರಜೆಯೆಂದು ಪರಿಗಣಿಸಲಾಗುವುದು.

3. ಬ್ರಷ್ಷನ್ನು ನೆನೆಸಿ, ಕೊಡವಿ, ಬಟ್ಟಲಲ್ಲಿ ಸೋಪಿನ ಮೇಲೆ ಸುತ್ತಿಸಿ ನೊರೆ ಎಬ್ಬಿಸತಕ್ಕದ್ದು. ನೀರು ಹನಿ ಹನಿಯಾಗಿ ಬೀಳಲಿ. ಬ್ರಷ್ಷು ಎತ್ತಿದಾಗ ನೊರೆಯ ತುದಿ ಎದ್ದು ನಿಲ್ಲಬೇಕು. ಮೇಲಧಿಕಾರಿಗಳು ಬಂದಾಗ ನೌಕರರು ನಿಲ್ಲುವಂತೆ ಅಲ್ಲ, ನಿಜವಾಗಿ. ಹಚ್ಚಿದ ನೊರೆಯನ್ನು ಎರಡು ನಿಮಿಷ ಹಾಗೆಯೇ ಬಿಡತಕ್ಕದ್ದು. ಈ ಎರಡು ನಿಮಿಷದಲ್ಲಿ ನೌಕರನು ಏನು ಮಾಡತಕ್ಕದ್ದೆಂಬ ಬಗ್ಗೆ ಸಮಿತಿಯಲ್ಲಿ ಸುದೀರ್ಘ ಚರ್ಚೆಯಾಗಿ, ಕೊನೆಗೆ ದಾಖಲೆ ಕೊಠಡಿಯ ಗುಮಾಸ್ತರನ್ನೇ ಕೇಳಲಾಯಿತು. ಅವರು ‘ಮಾತಾಡ್ತಿದ್ವಿ’ ಎಂದರು. ಆದ್ದರಿಂದ ಈ ಎರಡು ನಿಮಿಷ ಮನೆಯವರೊಡನೆ ಮಾತನಾಡತಕ್ಕದ್ದು. ಮನೆಯವರು ಇಲ್ಲದಿದ್ದಲ್ಲಿ ಸುಮ್ಮನಿರತಕ್ಕದ್ದು.

4. ರೇಜರನ್ನು ಓರೆಯಾಗಿ ಹಿಡಿದು, ಅದರ ಭಾರಕ್ಕೆ ಅದನ್ನು ಬಿಡತಕ್ಕದ್ದು. ಒತ್ತಬಾರದು. ಒತ್ತಡ ಹೇರುವ ಅಧಿಕಾರ ಶಾಖಾಧಿಕಾರಿ ಮತ್ತು ಮೇಲ್ಪಟ್ಟವರಿಗೆ ಮಾತ್ರ ಇರುತ್ತದೆ. ಅವಸರವೂ ಕೂಡದು. ಈ ಬಗ್ಗೆ ತಜ್ಞರ ಅಭಿಪ್ರಾಯವನ್ನು ಅವರ ಮಾತಿನಲ್ಲೇ ದಾಖಲಿಸಲಾಗಿದೆ: ‘ಗಡಿಬಿಡೀಲಿ ಹೆರೆದ್ರೆ ಗಡ್ಡ ಹೋಗಲ್ಲ ಸಾರ್, ಸಿಟ್ಟು ಮಾಡ್ಕೊಂಡು ಕೂತಿರುತ್ತೆ. ಸಾಯಂಕಾಲ ಬರುತ್ತೆ.’

5. ಒಂದು ಬ್ಲೇಡು ಐದು ಸಲಕ್ಕೆ. ಆರನೆಯ ಸಲಕ್ಕೆ ಲಿಖಿತ ಅನುಮತಿ ಬೇಕು.

6. ಮೊದಲ ಸಲ ಕೂದಲು ಬೆಳೆದ ದಿಕ್ಕಿನಲ್ಲಿಯೇ ಹೆರೆಯತಕ್ಕದ್ದು. ಪ್ರತಿ ನೌಕರನು ತನ್ನ ಮುಖದ ನಕ್ಷೆಯನ್ನು ಬಾಣದ ಗುರುತುಗಳೊಂದಿಗೆ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಕುತ್ತಿಗೆಯಲ್ಲಿ ಸುಳಿ ಇರುವವರು ಸುಳಿಯ ಬಗ್ಗೆ ಪ್ರತ್ಯೇಕ ಟಿಪ್ಪಣಿ ಲಗತ್ತಿಸತಕ್ಕದ್ದು. ಬೋಳು ತಲೆಯವರು ನಕ್ಷೆಯು ಎಲ್ಲಿ ಮುಗಿಯುತ್ತದೆ ಎಂಬುದನ್ನು ಸ್ಪಷ್ಟವಾಗಿ ಗೆರೆ ಎಳೆದು ತೋರಿಸತಕ್ಕದ್ದು.

7. ಗಾಯವಾದಲ್ಲಿ ತಣ್ಣೀರಿನಿಂದ ತೊಳೆದು ಪಟಿಕದ ಕಲ್ಲನ್ನು ಒತ್ತತಕ್ಕದ್ದು. ಗಾಯಕ್ಕೆ ಕಚೇರಿಯ ಕಾಗದ ಅಂಟಿಸಿಕೊಂಡು ಬರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಕಳೆದ ತಿಂಗಳು ಒಬ್ಬ ನೌಕರರ ಗದ್ದದ ಮೇಲೆ ಗೌಪ್ಯ ಪತ್ರವೊಂದರ ಎರಡು ಸಾಲು ಓದಲು ಸಿಗುತ್ತಿದ್ದವು.

8. ಇನ್ನು ಎರಡನೆಯ ಸಲ. ಸಮಿತಿಯ ನಲವತ್ತೆರಡು ಪುಟಗಳಲ್ಲಿ ಮೂವತ್ತು ಪುಟ ಇದರ ಬಗ್ಗೆಯೇ ಇದೆ.

ಒಮ್ಮೆ ಹೆರೆದು ಮುಖ ತೊಳೆದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದು ಪುರುಷ ನೌಕರರ ಸಾಮಾನ್ಯ ದೋಷ. ಮುಗಿದಿರುವುದಿಲ್ಲ. ಕನ್ನಡಿಯಲ್ಲಿ ಕಾಣದ ಒಂದು ಜಾಗ ಪ್ರತಿ ಮುಖದಲ್ಲೂ ಇರುತ್ತದೆ. ದಾಖಲೆ ಕೊಠಡಿಯ ಗುಮಾಸ್ತರಲ್ಲಿ ಅದು ಎಡದವಡೆಯ ಕೆಳಗೆ, ಎರಡು ಬೆರಳಗಲ. ಯಂತ್ರಕ್ಕೆ ಒಪ್ಪಿಗೆಯಾಗದಿರುವುದು ಆ ಎರಡು ಬೆರಳಗಲವೇ ಎಂದು ತಜ್ಞರು ಮುಟ್ಟಿ ನೋಡಿ ಹೇಳಿದರು.

ಹಿಂದೆ ಉಳಿಯದ ಗಡ್ಡ ಈಗೇಕೆ ಉಳಿಯುತ್ತಿದೆ ಎಂದು ಕೇಳಿದ್ದಕ್ಕೆ ಗುಮಾಸ್ತರು ಬರೆದುಕೊಟ್ಟ ಸಮಜಾಯಿಷಿ: ‘ಮೊದಲು ಹೇಳುವವರು ಇದ್ದರು.’ ಇದು ಅಪೂರ್ಣವೆಂದು ಹಿಂದಿರುಗಿಸಿ, ಯಾರು ಹೇಳುತ್ತಿದ್ದರು, ಏನೆಂದು, ಎಷ್ಟು ಸಲ, ಯಾವ ಅಧಿಕಾರದಿಂದ ಎಂದು ವಿವರ ಕೇಳಲಾಯಿತು. ಗುಮಾಸ್ತರು ಮೌಖಿಕವಾಗಿ ತಿಳಿಸಿದ್ದೇನೆಂದರೆ, ತಾವು ಮುಖ ತೊಳೆದು ಹೊರಬರುವಾಗ ಪತ್ನಿಯು ‘ಇನ್ನೂ ಇದೆ’ ಎನ್ನುತ್ತಿದ್ದರು. ಆಗ ಒಳಗೆ ಹೋಗಿ ಮತ್ತೆ ನೊರೆ ಹಚ್ಚಿಕೊಳ್ಳುತ್ತಿದ್ದುದು ತಾವು ಮರೆತ ಸಂಗತಿಯೇನಲ್ಲ. ಕಚೇರಿಯಲ್ಲಿರುವಷ್ಟು ಹೊತ್ತೂ ನೆನಪಿರುತ್ತದೆ, ಕನ್ನಡಿ ಮುಂದೆ ನಿಂತಾಗ ಮಾತ್ರ ಹೋಗಿಬಿಡುತ್ತದೆ. ಹನ್ನೊಂದು ವರ್ಷ ಕೈಯು ಆ ಮಾತಿಗೆ ಕಾದು ನಿಂತು ರೂಢಿ. ಈಗಲೂ ಕಾಯುತ್ತದೆ. ಆಮೇಲೆ ಹೊತ್ತಾಗುತ್ತದೆ.

ಐವತ್ತೇಳನೆಯ ದಿನ ಮುಂಜಾನೆ ಆರೂ ಹತ್ತಕ್ಕೆ ಸಮಿತಿಯು ಸದರಿಯವರ ಬಚ್ಚಲುಮನೆಗೆ ಭೇಟಿ ನೀಡಿತು. ಬಚ್ಚಲು ಇಬ್ಬರಿಗೆ ಮಾತ್ರ ಆಗುವಷ್ಟಿದ್ದುದರಿಂದ ಅಧ್ಯಕ್ಷರು ಒಲೆಯ ಬಳಿ ನಿಂತು ಪರಿಶೀಲಿಸಿದರು. ಮನೆಯಲ್ಲಿ ಗುಮಾಸ್ತರ ಅತ್ತೆಯವರಿದ್ದಾರೆ. ಮಗಳು ಹೋದಾಗ ಬಂದವರು, ಹಿಂದಿರುಗಲಿಲ್ಲ. ಅತ್ತೆ ಅಳಿಯಂದಿರ ನಡುವೆ ಬಿಸಿನೀರು, ಊಟ ಮತ್ತು ಬೀಗದ ಕೈ ಇವುಗಳ ಹೊರತು ಮಾತುಕತೆ ಇರುವುದು ಕಂಡುಬರಲಿಲ್ಲ. ಯಂತ್ರದ ವಿಚಾರವನ್ನು ಅಧ್ಯಕ್ಷರು ವಿವರಿಸಿದಾಗ ಅವರು ಹೇಳಿದ್ದು: ‘ಕಣ್ಣು ಸರಿಯಿಲ್ಲದ್ದು ನಿಮ್ಮ ಪೆಟ್ಟಿಗೆಗೆ. ನಮ್ಮ ಅಳಿಯಂದಿರ ಗಲ್ಲ ಯಾಕಪ್ಪಾ ಕೆರೀತೀರಿ?’ ಅನಂತರ ಅಧ್ಯಕ್ಷರ ಗಡ್ಡವನ್ನು ಮೇಲಿಂದ ಕೆಳಗೆ ನೋಡಿ ಅವರು ಇನ್ನೊಂದು ಮಾತು ಹೇಳಿದ್ದು, ಅದನ್ನು ನಡವಳಿಯಿಂದ ಕೈಬಿಡಲಾಗಿದೆ.

ದಿನವೂ ‘ಇನ್ನೂ ಇದೆ’ ಎಂದು ಹೇಳುವ ಹೊಣೆಯನ್ನು ತಾವೇ ವಹಿಸಿಕೊಳ್ಳಬೇಕೆಂದು ಸಮಿತಿಯು ಅವರನ್ನು ಕೋರಿತು. ಅವರು ಒಲೆಯ ಕಡೆ ತಿರುಗಿಕೊಂಡರು. ‘ಅದು ಅವಳ ಮಾತು. ನನ್ನ ಬಾಯಲ್ಲಿ ಹೇಳಿಸಬೇಡಿ’ ಎಂದರು. ಕೋರಿಕೆಯನ್ನು ಅಲ್ಲಿಗೆ ಮುಕ್ತಾಯಗೊಳಿಸಲಾಯಿತು.

9. ಇಲಾಖೆಯು ಕೈಕಟ್ಟಿ ಕೂರಲಿಲ್ಲ. ಐವತ್ತೆಂಟನೆಯ ದಿನ, ಮುಂಜಾನೆ ಆರೂವರೆಗೆ ಗುಮಾಸ್ತರಿಗೆ ಫೋನು ಮಾಡಿ ‘ಇನ್ನೂ ಇದೆ’ ಎಂದು ತಿಳಿಸುವಂತೆ ಬೆರಳಚ್ಚುಗಾರ್ತಿಯವರಿಗೆ ಆದೇಶಿಸಲಾಯಿತು. ಅವರು ತಿಳಿಸಿದರು. ಗುಮಾಸ್ತರು ಕಿವಿಯ ನೊರೆ ಒರೆಸಿಕೊಂಡು, ಯಾವ ಕಡತ ಎಂದು ಕೇಳಿದರು. ಐವತ್ತೊಂಬತ್ತನೆಯ ದಿನ ಅದೇ ಮಾತನ್ನು ದಪ್ಪಕ್ಷರದಲ್ಲಿ ಬರೆಸಿ, ಮೊಹರು ಹಾಕಿ, ಅವರ ಕನ್ನಡಿಗೆ ಅಂಟಿಸಲಾಯಿತು. ಬಿಸಿನೀರಿನ ಹಬೆಗೆ ಕನ್ನಡಿ ಮುಚ್ಚಿಹೋಯಿತು. ಎರಡು ದಿನವೂ ಯಂತ್ರವು ಮತ್ತೊಮ್ಮೆ ಪ್ರಯತ್ನಿಸುವಂತೆ ಸೂಚಿಸಿತು. ಅಂದು ಸಂಜೆ ಗುಮಾಸ್ತರು ದಾಖಲೆ ಕೊಠಡಿಯ ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿ, ಯಾವುದು ಯಾವ ಬೀರುವಿನದೆಂದು ಬರೆದಿಟ್ಟು ಹೋದರು. ಯಾರೂ ಕೇಳಿರಲಿಲ್ಲ.

10. ಅರವತ್ತನೆಯ ದಿನ ಇಲಾಖೆಯು ಯಾವ ವ್ಯವಸ್ಥೆಯನ್ನೂ ಮಾಡಿರಲಿಲ್ಲ. ಅಂದು ಮುಂಜಾನೆ ಗುಮಾಸ್ತರು ಮುಖ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿನ ಹೊಸ್ತಿಲಲ್ಲಿ ನಿಂತಿದ್ದಾಗ, ಒಲೆಯ ಮುಂದಿದ್ದ ಅತ್ತೆಯವರು ತಿರುಗದೆ ‘ಇನ್ನೂ ಇದೆ’ ಎಂದರು. ಗುಮಾಸ್ತರು ಒಳಗೆ ಹೋಗಿ ಮತ್ತೆ ನೊರೆ ಹಚ್ಚಿಕೊಂಡರು. ಹತ್ತಕ್ಕೆ ಮೂರು ನಿಮಿಷವಿರುವಾಗ ಯಂತ್ರವು ಅವರ ಮುಖ ನೋಡಿ ‘ಧನ್ಯವಾದಗಳು’ ಎಂದಿತು. ಎರಡು ಕ್ಷಣ ತೆಗೆದುಕೊಂಡಿತು. ಈ ಯಶಸ್ಸು ಸಂಪೂರ್ಣವಾಗಿ ಇಲಾಖೆಯ ಸಕಾಲಿಕ ಕ್ರಮಗಳ ಫಲವಾಗಿರುತ್ತದೆ.

ಒಲೆಯ ಬಳಿಯಿಂದ ಎಡದವಡೆಯ ಕೆಳಭಾಗ ಕಾಣಿಸುವುದು ಸಾಧ್ಯವಿಲ್ಲವೆಂದು, ಸ್ವತಃ ಅಲ್ಲಿ ನಿಂತಿದ್ದ ಅಧ್ಯಕ್ಷರು ಆಕ್ಷೇಪವೆತ್ತಿದರು. ಈ ಬಗ್ಗೆ ಅತ್ತೆಯವರ ಹೇಳಿಕೆಯನ್ನು ಪಡೆಯಲಾಗಿದೆ: ‘ನೋಡಿ ಹೇಳೋದೇನು ಬಂತು. ಅವಳೂ ನೋಡ್ತಿರಲಿಲ್ಲ.’

11. ಆದ್ದರಿಂದ ಪ್ರತಿ ನೌಕರನು ತನ್ನ ಮನೆಯಲ್ಲಿ ‘ಇನ್ನೂ ಇದೆ’ ಎಂದು ಹೇಳಲು ಒಬ್ಬರನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಹೇಳುವವರು ನೋಡಬೇಕಾಗಿಲ್ಲ. ಇನ್ನೂ ಇರುತ್ತದೆ ಎಂಬುದನ್ನು ಇಲಾಖೆಯು ಒಪ್ಪಿಕೊಂಡಿದೆ. ಹೇಳಲು ಯಾರೂ ಇಲ್ಲದ ನೌಕರರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನಮೂನೆಯನ್ನು ಇನ್ನೂ ಸಿದ್ಧಪಡಿಸಿಲ್ಲ.

12. ಮಹಿಳಾ ನೌಕರರಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಓದಿದ್ದೇವೆಂದು ಸಹಿ ಮಾಡತಕ್ಕದ್ದು.

ಮೇಲ್ಕಂಡ ಸೂಚನೆಗಳನ್ನು ನಾಳೆ ಬೆಳಗಿನಿಂದ, ಮುಖ ಊದಿದ್ದು ಇಳಿದ ಮೇಲೆ, ಚಾಚೂ ತಪ್ಪದೆ ಪಾಲಿಸತಕ್ಕದ್ದು.

ಸಹಿ/-
ಅಧೀಕ್ಷಕರು ಹಾಗೂ ಅಧ್ಯಕ್ಷರು,
ಗಡ್ಡ ಪರಿಶೀಲನಾ ಸಮಿತಿ
(ಗಡ್ಡಸಹಿತ)

ಪ್ರತಿಗಳು:
1. ಎಲ್ಲ ಶಾಖೆಗಳ ಸೂಚನಾ ಫಲಕಗಳಿಗೆ. ಕನ್ನಡಿಗಳ ಮೇಲೆ ಅಂಟಿಸಬಾರದು.
2. ಎದುರು ರಸ್ತೆಯ ಕ್ಷೌರಿಕರಿಗೆ, ವಂದನೆಗಳೊಂದಿಗೆ. ಸಮಿತಿಯ ವೀಕ್ಷಣೆಗೆ ಅವರಿಂದ ತಂದ ಬಟ್ಟಲು ಸಾಕ್ಷ್ಯವಾಗಿ ಕಡತ ಸೇರಿರುವುದರಿಂದ, ಬೇರೆ ಕೊಳ್ಳಲು ಕೋರಿದೆ.
3. ಬೆರಳಚ್ಚುಗಾರ್ತಿಯವರಿಗೆ. ಮುಂಜಾನೆಯ ಫೋನು ಕರ್ತವ್ಯದಿಂದ ಅವರನ್ನು ಬಿಡುಗಡೆ ಮಾಡಿದೆ.
4. ಯಂತ್ರ ಸರಬರಾಜು ಮಾಡಿದವರಿಗೆ. ಯಂತ್ರದಲ್ಲಿ ಯಾವ ದೋಷವೂ ಕಂಡುಬಂದಿಲ್ಲ.
5. ಗುಮಾಸ್ತರ ಅತ್ತೆಯವರಿಗೆ, ಮಾಹಿತಿಗಾಗಿ. ಬೇಡವೆಂದು ಅವರು ಮುಂಚಿತವಾಗಿಯೇ ತಿಳಿಸಿರುತ್ತಾರೆ.
6. ಕಚೇರಿ ಪ್ರತಿ, ದಾಖಲೆ ಕೊಠಡಿಯಲ್ಲಿ ಇಡಲು. ಗುಮಾಸ್ತರು ಹಾಜರಿದ್ದಾರೆ.