ನೀರಗಂಟಿಗೂ ಬಗ್ಗದ ಗಂಟು

ಹೊಸಪೇಟೆಯಲ್ಲಿ ಡಾಕ್ಟರಾಗಿದ್ದಷ್ಟು ಕಾಲ ರೋಗ ಗುರುತಿಸಲು ನಾನು ತಿಣುಕಿದ್ದು ಕಡಿಮೆ. ಅದನ್ನು ಜನಕ್ಕೆ ತಿಳಿಸಿ ಹೇಳಲು ತಿಣುಕಿದ್ದೇ ಹೆಚ್ಚು. ನಾನೊಂದು ಹೇಳಿದರೆ ಅವರಿಗೆ ಇನ್ನೊಂದು ಕೇಳುತ್ತಿತ್ತು. ಕಾಲುವೆ ನೀರು ಬಂದು ಊರೂರೂ ಭತ್ತ, ಕಬ್ಬು ತುಂಬಿಕೊಂಡಿದ್ದ ಕಾಲ. ಮೆಟ್ರಿ ಹಳ್ಳಿಯಿಂದ ಒಬ್ಬ ರೈತ ಹೆಂಡತಿಯನ್ನು ಕರೆತಂದಿದ್ದ.

ಸೆಲ್ಲು

ಆಕೆಯ ಎದೆಯಲ್ಲಿ ಗಂಟು. ಪರೀಕ್ಷೆ ಮಾಡಿಸಿದ್ದಾಯಿತು, ಕ್ಯಾನ್ಸರೇ. ಇಬ್ಬರನ್ನೂ ಕೂರಿಸಿಕೊಂಡು ಗಂಡನಿಗೆ, "ಮೈಯಾಗ ಸೆಲ್ಲು ಇರ್ತಾವ. ಇವರವು ಒಂದಷ್ಟು ಕೆಟ್ಟಾವ" ಎಂದೆ. ರಾತ್ರಿ ಬ್ಯಾಟರಿ ಹಿಡಿದು ಗದ್ದೆಗೆ ನೀರು ಕಟ್ಟುವ ಮನುಷ್ಯ. ಮುಖ ಅರಳಿತು.

"ಅಷ್ಟ ಏನ್ರಿ? ಹೊಸಾವು ಹಾಕ್ರಿ ಮತ್ತ. ಕಂಪ್ಲಿಯಾಗ ಸಿಗ್ತಾವ."

ನೀರಗಂಟಿ

ಸೆಲ್ಲು ಬಿಟ್ಟು ಕಾಲುವೆ ಹಿಡಿದೆ. ಕಾಲುವೆ ನೀರು ಬಿಡುವ, ನಿಲ್ಲಿಸುವ ನೀರಗಂಟಿಯ ಹಾಗೆ ಮೈಯೊಳಗೂ ಒಬ್ಬ ನೀರಗಂಟಿ ಇದ್ದಾನೆ. ಅವನು ಸಾಕು ಎಂದರೆ ಒಳ್ಳೆಯ ಜೀವಕಣ ಬೆಳೆಯುವುದನ್ನು ನಿಲ್ಲಿಸುತ್ತದೆ. ತೀರಾ ಕೆಟ್ಟದ್ದು ತಾನಾಗಿ ಸಾಯುತ್ತದೆ. ಈ ಗಂಟಿನದ್ದು ಯಾರ ಮಾತೂ ಕೇಳುವುದಿಲ್ಲ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇರುತ್ತದೆ. ಸಾಲದ್ದಕ್ಕೆ ರಕ್ತ ಎಳೆದುಕೊಳ್ಳಲು ತನ್ನದೇ ಕಾಲುವೆ ತೋಡಿಕೊಳ್ಳುತ್ತದೆ.

ಗಂಡ ಮೆಚ್ಚಿ ತಲೆದೂಗಿದ. "ಸರ್ಕಾರದ ಮಂಜೂರಿ ಇಲ್ಲದ ಕಾಲುವೆ! ಭಾಳ ಶಾಣ್ಯಾ ಐತ್ರಿ."

"ಕದ್ದು ಕಾಲುವಿ ತೂಬು ಎತ್ತೋರಿಗೆ ಅದು ಶಾಣ್ಯಾನ ಕಾಣ್ತೈತಿ ಬಿಡ್ರಿ" ಎಂದಳು ಹೆಂಡತಿ.

ಕಸ

ಆದರೂ ಬಳ್ಳಾರಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳಲು ಆಕೆ ಒಪ್ಪಲಿಲ್ಲ. "ನೋವಿಲ್ಲ, ಏನಿಲ್ಲ. ನಾಟಿ ಮುಗೀಲಿ." ಅಲ್ಲಿಯವರೆಗೆ ಬಿಟ್ಟರೆ ಆಕೆ ನಮ್ಮ ಕೈಗೆ ಸಿಗುವುದಿಲ್ಲವೆಂದು ನನಗೆ ಹೆದರಿಕೆ. ಸಿಟ್ಟೂ ಬಂತು. "ಇದು ಗದ್ದ್ಯಾಗ ಬೆಳೆಯೋ ಕಸ ಇದ್ದಂಗ ಅವ್ವ. ಬೀಜ ನೀರಿನಾಗ ಹರಕೊಂಡು ಕೆಳಗಿನ ಗದ್ದಿಗೆಲ್ಲ ಹೋಗ್ತೈತಿ" ಎಂದೆ.

ಆಕೆ ಸೆರಗು ಬಿಗಿದು ಎದ್ದಳು.

"ಕಸ ಅಂತ ಮೊದ್ಲ ಹೇಳಬಾರ್ದೇನ್ರಿ? ಕಸ ಹಂಗ ಬಿಟ್ಟು ಯಾರರ ನಾಟಿ ಮಾಡ್ತಾರೇನು? ಬಳ್ಳಾರಿ ಬಸ್ಸು ಎಷ್ಟೊತ್ತಿಗೈತಿ?"

ಮುಚ್ಚಳ

ಬಳ್ಳಾರಿಯ ಸರ್ಜನ್ ಮಹಾ ಸಿಡುಕರು. ಅವರ ಎದುರು ನರ್ಸುಗಳು ಜೋರಾಗಿ ಉಸಿರೂ ಬಿಡುತ್ತಿರಲಿಲ್ಲ. ಆದರೆ ಕೈಗುಣ ದೊಡ್ಡದು. ಕಂಕುಳದವರೆಗೂ ಹುಡುಕಿ ಎಲ್ಲ ತೆಗೆದರು. ಆಕೆ ಉಳಿದಳು. ಅರಿವಳಿಕೆಯ ಮತ್ತು ಇಳಿದು ಕಣ್ಣು ಬಿಟ್ಟವಳು ಮೊದಲು ವಿಚಾರಿಸಿದ್ದು ಅವರನ್ನೇ.

"ಕಿತ್ತಿದ್ದು ಎಲ್ಲಿ ಹಾಕೀರಿ? ಬದುವಿನ ಮ್ಯಾಲ ಬಿಟ್ರ ಮತ್ತ ಚಿಗೀತೈತಿ."

"ಇಲ್ಲವ್ವ, ಬಾಟ್ಲಿಯಾಗ ಹಾಕಿ ಮುಚ್ಚಳ ಹಾಕೀನಿ."

"ತರ್ರಿ, ನೋಡೂಣು."

ಸರ್ಜನ್ ಸಾಹೇಬರು ತಾವೇ ಹೋಗಿ ಬಾಟಲಿ ತಂದರಂತೆ. ಆಕೆ ಮಲಗಿದಲ್ಲಿಂದಲೇ ಕಣ್ಣು ಕಿರಿದು ಮಾಡಿ ನೋಡಿದಳು.

"ಮುಚ್ಚಳ ಇನ್ನೊಂದು ಸುತ್ತು ತಿರುವ್ರಿ."

ತಿರುವಿದರಂತೆ.